ಎರಡು ಬಡಿತ

ಹಳೆಯ ಆಂಟೆನಾ ಬಿಚ್ಚುವಾಗ ಅದರ ಕಡ್ಡಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಚಳ್ಳಕೆರೆಯಲ್ಲಿ ಡಿಶ್ ಕೂರಿಸುವ ಕೆಲಸ ನನ್ನದು. ಹೊಸದು ಕೂರಿಸುವ ಮುಂಚೆ ಮಾಳಿಗೆ ಮೇಲಿನ ಹಳೆಯದನ್ನು ಇಳಿಸಬೇಕು. ಮನೆಯವರು ಅದರ ಕಡೆ ನೋಡುವುದೂ ಇಲ್ಲ, ಗುಜರಿಗೆ ಹಾಕು ಎನ್ನುತ್ತಾರೆ. ಬಿಸಿಲಿಗೆ ಸಾಕಾಗಿಹೋಗಿರುತ್ತದೆ, ಸೊಂಟ ಬಿದ್ದುಹೋಗಿರುತ್ತದೆ. ಆದರೂ ಆ ಕಿಣಿಕಿಣಿ ಕಿವಿಗೆ ಬಿದ್ದರೆ ಕೈ ಒಂದು ಗಳಿಗೆ ನಿಲ್ಲುತ್ತದೆ. ನಿಮ್ಮ ಮನೆ ಮೇಲೂ ಒಂದು ಇದ್ದಿರಬೇಕು. ತಿರುಗಿಸಲು ಹತ್ತಿದವರು ಯಾರು, ಕೆಳಗೆ ನಿಂತು ಕೂಗಿದವರು ಯಾರು ಎಂದು ನಿಮಗೂ ನೆನಪಿರಬೇಕು.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಕೂಗುತ್ತಿರಲಿಲ್ಲ, ಬಡಿಯುತ್ತಿದ್ದರು. ಮಣ್ಣಿನ ಮಾಳಿಗೆಯ ಸಣ್ಣ ಮನೆ. ಗಂಜಿ ಮತ್ತು ಹಸಿ ಬಣ್ಣದ ವಾಸನೆ ಗೋಡೆಗೇ ಹಿಡಿದುಕೊಂಡಿತ್ತು. ನಡುವೆ ಮಗ್ಗ, ಅದರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ, ಎದುರಿನ ಗೂಡಿನಲ್ಲಿ ಕಪ್ಪು ಬಿಳುಪು ಟೀವಿ. ನಾನು ಮೇಲೆ ಕಂಬ ತಿರುಗಿಸುವಾಗ ಅಪ್ಪ ಕೂತಲ್ಲಿಂದಲೇ ಟೀವಿ ನೋಡಿ ಮಗ್ಗದ ಹಲಗೆ ಬಡಿಯುತ್ತಿದ್ದ. ಒಂದು ಬಡಿತ ಅಂದರೆ ಇನ್ನೂ ತಿರುಗಿಸು. ಎರಡು ಅಂದರೆ ಬಂತು, ಇಳಿ. ಬೆಳಕಿಂಡಿಯಿಂದ ಆ ಸದ್ದು ನೇರ ಮೇಲೆ ಬರುತ್ತಿತ್ತು. ಚಿತ್ರದುರ್ಗದ ಕಡೆ ತಿರುಗಿಸಿದರೆ ಕನ್ನಡ ಸಲೀಸಾಗಿ ಬರುತ್ತಿತ್ತು. ಆಂಧ್ರದ ಕಡೆ ತಿರುಗಿಸಿದರೆ ತೆಲುಗು, ಅದೂ ಗಾಳಿ ಮನಸ್ಸು ಮಾಡಿದರೆ ಮಾತ್ರ.

ತೆಲುಗು ಬೇಕಾಗಿದ್ದುದು ಜೇಜಿಗೆ. ಜೇಜಿ ಅಂದರೆ ಅಪ್ಪನ ತಾಯಿ, ಗಡಿಯಾಚೆಯ ಹಳ್ಳಿಯವಳು. ಮನೆಯಲ್ಲಿ ನಾವು ಆಡುತ್ತಿದ್ದುದೂ ತೆಲುಗೇ. ಆದರೆ ಅವ್ವನ ಕನ್ನಡ ಬೆರೆತ ಆ ತೆಲುಗು ಜೇಜಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. “ನಿಮ್ದೇನು ತೆಲುಗಾ? ಸಾರಿಗೆ ಮಜ್ಜಿಗೆ ಹುಯ್ದಂಗೈತೆ,” ಎನ್ನುತ್ತಿದ್ದಳು. ಸಿನಿಮಾಕ್ಕೆ ಅವಳು ಬೊಮ್ಮ ಎನ್ನುವುದು. ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಮಸುಕಾಗಿದ್ದವು. ಆಪರೇಷನ್ ಅಂದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು.

“ಕಣ್ಣು ಪೂರಾ ಹೋಗೋದ್ರಾಗೆ ಒಂದು ತೆಲುಗು ಬೊಮ್ಮ ನೆಟ್ಟಗೆ ನೋಡ್ಬೇಕು ನಾಯನಾ,” ಎಂದು ಒಂದು ಭಾನುವಾರ ನನಗೆ ಹೇಳಿದಳು. ಮುದ್ದಿಗೆ ನನ್ನನ್ನು ನಾಯನಾ ಎಂದೇ ಕರೆಯುವುದು.

“ಕನ್ನಡದ್ದು ಬರ್ತೈತಲ್ಲ, ಅದನ್ನೇ ನೋಡ್ರಿ ಅತ್ತೆ,” ಎಂದಳು ಅವ್ವ.

“ಅದನ್ನ ನೀನು ನೋಡು, ಚಳ್ಳಕೆರೆಯಾಕಿ.”

ಆ ವಾರ ಮಗ್ಗದ ಮೇಲೆ ಹಾಲುಬಣ್ಣದ ಮದುವೆ ಸೀರೆ ಇತ್ತು. ಮಾಳಿಗೆ ಮೇಲೆ ಹೆಜ್ಜೆ ಇಟ್ಟರೆ ಕೆಳಗೆ ಮಣ್ಣು ಉದುರುತ್ತಿತ್ತು. ಅಪ್ಪ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ತನ್ನ ಪಂಚೆ ಹೊದಿಸಿದ. “ಲೇ, ಮಗ್ಗದ ನೆತ್ತಿ ಮ್ಯಾಲೆ ನಿಂತ್ಕಬ್ಯಾಡ,” ಎಂದ. ಕಂಬ ಇದ್ದದ್ದೇ ಅಲ್ಲಿ. ಬೇರೆಲ್ಲಿ ನಿಲ್ಲಲಿ? ಹತ್ತಿದೆ, ತಿರುಗಿಸಿದೆ. ಒಂದು ಬಡಿತ. ಇನ್ನಷ್ಟು ತಿರುಗಿಸಿದೆ. ಒಂದೇ ಬಡಿತ. ಕಬ್ಬಿಣದ ಪೈಪು ಕಾದು ಅಂಗೈ ಉರಿಯುತ್ತಿತ್ತು. ಮತ್ತೂ ಒಂದು. ಸಿಟ್ಟು ಬಂದು ಕಾಲು ಮಾಳಿಗೆಗೆ ಅಪ್ಪಳಿಸಿದೆ. ಕೂಡಲೇ ಎರಡು ಬಡಿತ ಬಿದ್ದವು.

ಓಡಿ ಇಳಿದು ಬಂದರೆ ಟೀವಿ ತುಂಬ ಬರೀ ಚುಕ್ಕಿ, ಒಳಗೆಲ್ಲೋ ಸಣ್ಣಗೆ ಮಾತು. ಅಪ್ಪ ತಲೆ ಎತ್ತಲಿಲ್ಲ. ಪಂಚೆ ಜಾರಿತ್ತು. ಉಗುರಿನ ತುದಿಯಲ್ಲಿ ಎಳೆ ಎಳೆಯಿಂದ ಮಣ್ಣು ಆರಿಸುತ್ತಿದ್ದ.

“ಎಲ್ಲಪ್ಪ ಬಂದೈತೆ? ಸುಳ್ಳೇ ಬಡ್ದೆಯಾ?” ಎಂದೆ.

ಜೇಜಿ ಹೇಳಿದಳು: “ಬಂದೈತೆ ನಾಯನಾ. ನನಗೆ ಕಾಣ್ತೈತೆ. ಬಾ, ಕುಂತ್ಕ.”

“ನಿನಗೆ ಕಣ್ಣೇ ಕಾಣಲ್ಲ, ಸುಮ್ನಿರು,” ಎಂದೆ ನಾನು.

ಮಗನ ಮಗ್ಗದ ಸೀರೆ ಉಳಿಯಲಿ ಎಂದು ಜೇಜಿ ಹಾಗೆ ಹೇಳಿದ್ದಳು ಎನ್ನುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಸಿನಿಮಾ ಮುಗಿಯುವವರೆಗೂ ಮುಖ ಟೀವಿಗೆ ತಾಗಿಸಿಕೊಂಡು ಆ ಚುಕ್ಕಿಗಳನ್ನೇ ನೋಡುತ್ತ ಕೂತಳು. ಅಲ್ಲಿಂದಾಚೆ ತೆಲುಗು ಹಾಕು ಎಂದು ಕೇಳಲಿಲ್ಲ. ಕಂಬ ಚಿತ್ರದುರ್ಗದ ಕಡೆಗೇ ನಿಂತಿತು. ಎರಡು ವರ್ಷ ಕಳೆದು ಜೇಜಿ ತೀರಿಕೊಂಡಳು.

ಆಮೇಲೆ ಅಪ್ಪನ ಮಂಡಿ ಸೋತು ಮಗ್ಗ ಮಾರಿದ್ದಾಯಿತು. ಗುಂಡಿ ಮುಚ್ಚಿ ನೆಲಕ್ಕೆ ಗಾರೆ ಹಾಕಿಸಿದರು. ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿದರು. ಅದೇ ಆಂಟೆನಾ ಮತ್ತೆ ನಿಲ್ಲಿಸಲು ನಾನೇ ಹತ್ತಿದೆ. ಯಾಕೋ ಏನೋ, ಮೊದಲು ಆಂಧ್ರದ ಕಡೆಗೆ ತಿರುಗಿಸಿದೆ. ಸ್ವಲ್ಪ ತಿರುಗಿಸಿ ನಿಂತು ಕಿವಿಗೊಟ್ಟೆ. ಯಾವ ಬಡಿತವೂ ಕೇಳಲಿಲ್ಲ. ಬಂದಿಲ್ಲವೇನೋ ಎಂದು ಇನ್ನಷ್ಟು ತಿರುಗಿಸಿದೆ. ಮತ್ತೆ ಕಿವಿಗೊಟ್ಟೆ. ಹೀಗೆ ಎಷ್ಟು ಹೊತ್ತು ನಿಂತಿದ್ದೆನೋ, ಅವ್ವ ಅಂಗಳಕ್ಕೆ ಬಂದು ಕತ್ತೆತ್ತಿದಳು.

“ಲೇ, ಆಗ್ಲೇ ಬಂದಿತ್ತಲ್ಲೋ, ನೀಟಾಗಿ ತೆಲುಗು. ತಿರುಗ್ಸಿ ತಿರುಗ್ಸಿ ಕಳ್ದೆ.”

ಮತ್ತೆ ಹುಡುಕಲಿಲ್ಲ. ಚಿತ್ರದುರ್ಗದ ಕಡೆ ತಿರುಗಿಸಿ, ವೈರು ಬಿಗಿದು ಇಳಿದೆ.