ಹನ್ನೊಂದು ಮಕ್ಕಳಿಗೆ ಒಂದೇ ಸಹಿ

ಪರ್ಕಳದ ಜೆರಾಕ್ಸ್ ಅಂಗಡಿಯ ರೋಶನ್ ಕೆಟ್ಟವನೇನಲ್ಲ. ಕಾಗದಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಿದ್ದವನು ಕಂಡದ್ದನ್ನು ಹೇಳಿದ, ಅಷ್ಟೇ.

"ಮೇಡಂ, ಇದೆಂತ, ಸುಮಾರು ಕಾಗದದಲ್ಲಿ ಒಂದೇ ಸೈನ್ ಉಂಟಲ್ಲ?"

ಮೋಹಿನಿ ಇಣುಕಿ ನೋಡಿದಳು. ಅವು ಅವಳ ಸಂಶೋಧನೆಗೆ ಬೇಕಾದ ಪೋಷಕರ ಒಪ್ಪಿಗೆ ಪತ್ರಗಳು. 'ತಂದೆ ಅಥವಾ ತಾಯಿಯ ಸಹಿ' ಎಂದು ಅಚ್ಚಾಗಿದ್ದ ಗೆರೆಯ ಮೇಲೆ, ಹನ್ನೊಂದು ಹಾಳೆಗಳಲ್ಲಿ ಒಂದೇ ನೀಲಿ ಶಾಯಿ, ಒಂದೇ ಓರೆ ಅಕ್ಷರ: ಗುಣಪಾಲ.

ಹೆದರಿಕೆ ಮೋಹಿನಿಗೆ ಹೊಸದಲ್ಲ. ಹೆಲ್ಮೆಟ್ ಹಾಕಿ, ಲೈಸೆನ್ಸ್ ಇಟ್ಟುಕೊಂಡು, ಇನ್ಶೂರೆನ್ಸ್ ಕಟ್ಟಿಯೂ ಪೊಲೀಸರನ್ನು ಕಂಡರೆ ಸ್ಕೂಟರ್ ನಿಧಾನ ಮಾಡುವ ಜೀವ ಅವಳದು. ಕಾರ್ಕಳದ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿದವಳು, ಹದಿನಾರು ವರ್ಷಗಳಿಂದ ಕಾಪುವಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಳೆ. ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ಅವಳ ದನಿ ಮೈದಾನದಾಚೆಗೂ ಕೇಳುತ್ತದೆ; ತನಗೊಂದು ದಿನದ ರಜೆ ಬೇಕಾದರೆ ಮಾತ್ರ ಬಾಯಿ ಬರುವುದಿಲ್ಲ. ಇಂಥವಳು ನಲವತ್ತೊಂದನೆಯ ವಯಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಪಿಎಚ್.ಡಿ.ಗೆ ಸೇರಿದಾಗ ಮನೆಯವರೇ ಮೂಗಿನ ಮೇಲೆ ಬೆರಳಿಟ್ಟರು. ಮೀನುಗಾರರ ಮಕ್ಕಳು ಸಮಾಜ ವಿಜ್ಞಾನವನ್ನು ಹೇಗೆ ಕಲಿಯುತ್ತಾರೆ ಎಂಬುದು ವಿಷಯ. ತಾನೇ ಪಾಠ ಮಾಡುವ ಮಕ್ಕಳು, ತನ್ನದೇ ತರಗತಿ, ಸುಲಭವಾಗುತ್ತದೆ ಅಂದುಕೊಂಡಿದ್ದಳು.

ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳ ಕೈಯಲ್ಲಿ ಒಪ್ಪಿಗೆ ಪತ್ರ ಕೊಟ್ಟು ಮನೆಗೆ ಕಳಿಸಿದ್ದಳು. ತಂದೆಯರು ಬೋಟಿಗೆ ಹೋದರೆ ಹತ್ತು ದಿನ ದಡಕ್ಕೆ ಬರುವವರಲ್ಲ. ತಾಯಂದಿರು ಬೆಳಕು ಹರಿಯುವ ಮೊದಲೇ ಮೀನು ತರಲು ಮಲ್ಪೆಗೆ ಹೊರಡುವವರು. ಆ ಮನೆಗಳಲ್ಲಿ ಮಕ್ಕಳ ವಿಷಯಕ್ಕೆ ಸೋದರಮಾವನೇ ದೊಡ್ಡವನು. ಮದುವೆಯಾಗಲಿ ಶಾಲೆಯಾಗಲಿ ಅವನ ಮಾತು ಬೇಕು. ಬೋಟು ನಡೆಸುವುದನ್ನು ಬಿಟ್ಟು ಮನೆಯಲ್ಲಿದ್ದ ಗುಣಪಾಲಣ್ಣ, ತಂಗಿಯರ ಮಕ್ಕಳಿಗೂ ತಂಗಿಯರಂತಿರುವ ನೆರೆಯವರ ಮಕ್ಕಳಿಗೂ ಒಂದೇ ಸಲಕ್ಕೆ ಕೂತು ಸಹಿ ಹಾಕಿ ಕಳಿಸಿದ್ದ. ಅವನ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇವಳದು. ಬಂದ ಕಟ್ಟನ್ನು ಬಿಚ್ಚಿಯೂ ನೋಡದೆ, ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟಿದ್ದಳು.

ಈಗ ಸೋಮವಾರ ಮಣಿಪಾಲದಲ್ಲಿ ಥೀಸಿಸ್ ಸಲ್ಲಿಸುವ ಮುಂಚಿನ ಕೊನೆಯ ಸೆಮಿನಾರ್. ಸಮಿತಿಯವರು ಈ ಪತ್ರಗಳನ್ನು ನೋಡುತ್ತಾರೆ. ನೋಡಿದವರಿಗೆ ಏನನ್ನಿಸಬೇಕು? ಟೀಚರು ಮನೆಯಲ್ಲಿ ಕೂತು ತಾನೇ ಗೀಚಿದ್ದಾಳೆ ಎಂದಲ್ಲವೇ? ಐದು ವರ್ಷದ ಕೆಲಸ ನೀರಿಗೆ ಹಾಕಿದಂತಾಯಿತು. ಅದು ಹೋದರೆ ಹೋಗಲಿ, ಸುಳ್ಳು ಸಹಿ ಎಂದು ಇಲಾಖೆಗೆ ಬರೆದರೆ ನೌಕರಿಯ ಗತಿ? ರಸ್ತೆಯ ಬದಿಯಲ್ಲೇ ನಿಂತು ತನ್ನ ಗೈಡ್ ಐರಿನ್ ಮೇಡಂಗೆ ಫೋನ್ ಮಾಡಿದಳು.

"ಆ ಹನ್ನೊಂದು ಮಕ್ಕಳನ್ನು ಬಿಟ್ಟುಬಿಡಲಾ ಮೇಡಂ?"

"ಬಿಟ್ಟರೆ ನಿಮ್ಮ ನಾಲ್ಕನೇ ಅಧ್ಯಾಯವೇ ಇಲ್ಲ. ನಾಳೆ ಭಾನುವಾರ ಉಂಟಲ್ಲ, ಹೋಗಿ ತಾಯಂದಿರ ಸಹಿ ತನ್ನಿ. ನಾಳೆಯ ತಾರೀಕೇ ಹಾಕಿಸಿ. ಹಳೆ ತಾರೀಕು ಹಾಕಿಸಿದರೆ ಸಮಿತಿಗೆ ನಾನೇ ಹೇಳ್ತೇನೆ, ಆಯ್ತಾ?" ಶಿರ್ವದ ಆ ಹೆಂಗಸು ಹೇಳಿದರೆ ಹೇಳಿದ್ದೇ.

ಭಾನುವಾರ ಕಾಪುವಿನಲ್ಲಿ ಮನೆಮನೆ ಹತ್ತಿಳಿದಳು. "ನಾನು ಹಾಕಿದ್ದು ಸಾಕಾಗ್ಲಿಲ್ವಾ ಟೀಚರ್?" ಎಂದು ಗುಣಪಾಲಣ್ಣ ಮುಖ ಸಣ್ಣದು ಮಾಡಿದ. ಹತ್ತು ತಾಯಂದಿರು ಕಾಗದದಲ್ಲಿ ಏನಿದೆಯೆಂದೂ ನೋಡದೆ ಸಹಿ ಹಾಕಿದರು. ಟೀಚರ್ ಕೇಳಿದ ಮೇಲೆ ಬೇಡ ಅನ್ನಲಿಕ್ಕೆ ಉಂಟೇ? ಹನ್ನೊಂದನೆಯವಳು ಲಕ್ಷಿತ್‌ನ ತಾಯಿ ಕಮಲ. ಅವಳು ಮೀನು ಮಾರ್ಕೆಟಿನಲ್ಲಿ ಬಂಗುಡೆಯ ಮೇಲೆ ಐಸ್ ಹರಡುತ್ತಿದ್ದಳು. ಮಾತು ತುಳುವಿನಲ್ಲಿಯೇ ನಡೆಯಿತು.

"ಸಹಿ ಹಾಕ್ತೇನೆ ಟೀಚರ್, ಅದಕ್ಕೆಂತ. ಆದ್ರೆ ನಮ್ಮ ಹುಡುಗನ ಬಗ್ಗೆ ಎಂತ ಬರೆದಿದ್ದೀರಿ? ಓದಿ ಹೇಳಿ."

ಎರಡು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ಇಂಗ್ಲಿಷಿನ ಕರಡು ಪ್ರತಿ ಬ್ಯಾಗಿನಲ್ಲೇ ಇತ್ತು. ಮೋಹಿನಿ ನಾಲ್ಕನೇ ಅಧ್ಯಾಯ ತೆರೆದಳು. 'ಈ ಮಕ್ಕಳ ಹಿಂದುಳಿಯುವಿಕೆಗೆ ಪೋಷಕರ ನಿರಾಸಕ್ತಿಯೇ ಮುಖ್ಯ ಕಾರಣ. ಪೋಷಕರ ಸಭೆಗೆ ಅವರು ಬರುವುದೇ ಇಲ್ಲ.' ಅವಳು ಕಷ್ಟಪಟ್ಟು ಕಂಡುಹಿಡಿದ ಮಾತೂ ಅಲ್ಲ ಅದು. ಬೇರೆ ನಾಲ್ಕು ಪ್ರಬಂಧಗಳಲ್ಲಿದ್ದದ್ದು ಇವಳದರಲ್ಲೂ ಬಂದು ಕೂತಿತ್ತು. ತುಳುವಿನಲ್ಲಿ ಏನಾದರೊಂದು ಒಳ್ಳೆಯದು ಹೇಳಿ ಸಹಿ ಹಾಕಿಸಿಕೊಳ್ಳಬಹುದಿತ್ತು. ಕಮಲಳಿಗೆ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಲೂ ಹೆದರಿಕೆಯಾಗಿ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು.

ಕಮಲ ಕೈಯೊರೆಸಿಕೊಂಡಳು. "ಮೀಟಿಂಗ್ ಎಷ್ಟು ಗಂಟೆಗೆ ಇಡುವುದು ಟೀಚರ್?"

"ಹತ್ತೂವರೆಗೆ."

"ಹತ್ತೂವರೆಗೆ ನಾನು ಎಲ್ಲಿರ್ತೇನೆ?"

ಉತ್ತರ ಮೋಹಿನಿಯ ಎದುರಿಗೇ ಐಸಿನಡಿ ಬಿದ್ದಿತ್ತು.

"ಒಮ್ಮೆ ವ್ಯಾಪಾರ ಬಿಟ್ಟು ಬಂದಿದ್ದೆ. ನೀವು ವರಾಂಡದಲ್ಲಿ ಇದ್ದಿರಿ. ಮೀನಿನ ಬುಟ್ಟಿ ಗೇಟಿನ ಹೊರಗೆ ಇಟ್ಟು ಬನ್ನಿ ಅಂದಿರಿ. ಇಟ್ಟು ಬರುವಾಗ ನೀವು ಇರ್ಲಿಲ್ಲ."

ಮೋಹಿನಿಗೆ ಅದು ನೆನಪಿರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಿನ್ನೆಯಿಂದ ಸಮಿತಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ, ಆ ನೆನಪಿಲ್ಲದಿರುವುದಕ್ಕೆ ಹೆದರಿದಳು. ಇಷ್ಟು ವರ್ಷಗಳಲ್ಲಿ ಇನ್ನೆಷ್ಟು ಜನರಿಗೆ ಹೀಗೆ ಹೇಳಿರಬಹುದು?

"ಅದನ್ನು ಸರಿ ಮಾಡಿ ತನ್ನಿ ಟೀಚರ್. ಆಮೇಲೆ ಹಾಕ್ತೇನೆ," ಎಂದು ಕಮಲ ಕಾಗದವನ್ನು ಒದ್ದೆಯಾಗದ ಹಾಗೆ ಎರಡು ಬೆರಳಲ್ಲಿ ಹಿಡಿದು ಹಿಂದೆ ಕೊಟ್ಟಳು.

ಸೋಮವಾರ ಸಮಿತಿಯ ಎದುರು ಮೋಹಿನಿ ಎಲ್ಲವನ್ನೂ ಒಪ್ಪಿಸಿದಳು: ಗುಣಪಾಲಣ್ಣನ ಸಹಿ, ನಿನ್ನೆಯ ತಾರೀಕಿನ ಹತ್ತು ಸಹಿ, ಖಾಲಿ ಉಳಿದ ಒಂದು ಗೆರೆ. ಬೈಗುಳ ಬೀಳುತ್ತದೆಂದು ಕಾದಳು. ಅಧ್ಯಕ್ಷರು ಹಾಳೆಗಳನ್ನು ತಿರುವಿ ನೋಡಿ, "ನಡೆಯುತ್ತದೆ. ಸಹಿ ಇಲ್ಲದ ಒಬ್ಬ ಹುಡುಗನನ್ನು ತೆಗೆದುಬಿಡಿ. ಈ ತಿಂಗಳೇ ಥೀಸಿಸ್ ಕೊಡಬಹುದು," ಎಂದರು.

ಮೂರು ದಿನಗಳಿಂದ ಕಂಡ ಕಂಡ ದೇವರಲ್ಲಿ ಬೇಡಿಕೊಂಡದ್ದು ಇದನ್ನೇ. ಆಯ್ತು ಸರ್ ಎಂದರೆ ಮುಗಿಯಿತು.

"ಆಗುವುದಿಲ್ಲ ಸರ್. ಆ ಹುಡುಗನ ತಾಯಿ ಒಬ್ಬರೇ ಓದಿಸಿಕೊಂಡವರು. ಓದಿಸಿಕೊಂಡು ತಪ್ಪು ಅಂದರು. ಉಳಿದವರಿಗೆ ನಾನು ಓದಿ ಹೇಳಲೇ ಇಲ್ಲ. ನಾಲ್ಕನೇ ಅಧ್ಯಾಯ ಮೊದಲಿನಿಂದ ಬರೆಯಬೇಕು."

"ಇನ್ನೊಂದು ವರ್ಷ ಹಿಡಿಯುತ್ತದೆ, ಗೊತ್ತುಂಟಲ್ಲ?" ಅಧ್ಯಕ್ಷರು ಕನ್ನಡಕ ತೆಗೆದರು. "ಪೋಷಕರು ಕಾರಣ ಅಲ್ಲದಿದ್ದರೆ, ಆ ಮಕ್ಕಳು ಹಿಂದೆ ಬಿದ್ದದ್ದು ಯಾರಿಂದ?"

"ಅದನ್ನೇ ಬರೆಯಬೇಕು ಸರ್. ನನ್ನ ಹೆಸರಿನಿಂದ ಶುರು ಮಾಡ್ತೇನೆ."

ಹೇಳಿದ ಮೇಲೂ ಹೆದರಿಕೆ ಹೋಗಲಿಲ್ಲ. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡೇ ಅವಳು ಮುಂದಿನ ಪ್ರಶ್ನೆಗೆ ಕಾದಳು.