ಅಕ್ಕ ಬರೆದುಕೊಟ್ಟ ಅಳತೆ

“ದೊಡ್ಡಮ್ಮನ ಒಂದು ಹೆಗಲು ಯಾಕಮ್ಮ ಕೆಳಗಿದೆ?” ಎಂದು ಮಗಳು ಇವತ್ತು ಊಟಕ್ಕೆ ಕೂತಾಗ ಎಲ್ಲರೆದುರೇ ಕೇಳಿಬಿಟ್ಟಳು. ನನ್ನ ತುತ್ತು ಕೈಯಲ್ಲೇ ಉಳಿಯಿತು. ಓರಗಿತ್ತಿ ಮಾತ್ರ ನಕ್ಕು, “ಹುಟ್ಟುವಾಗಲೇ ಹಾಗೆ ಪುಟ್ಟಿ. ನಿನ್ನಂಥೋರು ಜೋತುಬೀಳೋಕೆ ಅನುಕೂಲ ಆಗ್ಲಿ ಅಂತ,” ಎಂದರು.

ಅವರನ್ನು ನಾನು ಅಕ್ಕ ಎನ್ನುತ್ತೇನೆ. ಮಹಡಿಯ ಕೋಣೆಯಲ್ಲಿ ಕೂತು ಪ್ರೋಗ್ರಾಂ ಬರೆಯುವುದು ಅವರ ಕೆಲಸ. ಭಾವನ ದೊಗಲೆ ಅಂಗಿಯೇ ನಿತ್ಯದ ಉಡುಪು. ಕೆಳಗೆ ನನ್ನ ಹೊಲಿಗೆ ಯಂತ್ರ. ಮಗಳು ಹುಟ್ಟಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಶಿಶುವಿಹಾರದ ಮಕ್ಕಳ ಮೇಲಂಗಿ. ಪ್ರತಿ ಮಗುವಿನ ಅಳತೆಗೂ ಲೆಕ್ಕ ಹಾಕಿ, ಕತ್ತರಿಸಲು ಕಾಗದದ ನಮೂನೆ ಕೊಡುವ ಪ್ರೋಗ್ರಾಂ ಮಾಡಿಕೊಟ್ಟವರು ಅಕ್ಕ. ಸೂತ್ರಗಳನ್ನು ಅದರ ಹೊಟ್ಟೆಯೊಳಗೆ ಹೂತಿಡದೆ, ಬೇರೆ ಕಡತದಲ್ಲಿ, ನಾನು ಓದಬಲ್ಲ ಸಾಲುಗಳಾಗಿ ಇಟ್ಟರು. “ನಿನ್ನ ಕಸುಬು, ನೀನೇ ತಿದ್ಕೋ. ಪ್ರತಿಸಲ ನನ್ನ ಬಾಗಿಲು ತಟ್ಟಬೇಡ.”

ನಾನು ಬರೆದದ್ದು: ಎದೆ + 8 / 4. ಎದೆಯ ಸುತ್ತಳತೆಗೆ ಸಡಿಲಕ್ಕೆಂದು ಎಂಟು ಸೆಂಟಿಮೀಟರ್ ಕೂಡಿಸಿ, ಬಂದದ್ದನ್ನು ನಾಲ್ಕು ಭಾಗ ಮಾಡಲಿ ಎಂದು. ಅದು ಎಂಟನ್ನಷ್ಟೇ ಭಾಗಿಸಿ ಎದೆಗೆ ಕೂಡಿಸಿತು. ಹೊರಬಂದ ನಮೂನೆ ಹೊಲಿಗೆ ಯಂತ್ರದ ಮೇಜು ಸಾಲದೆ ನೆಲಕ್ಕಿಳಿಯಿತು.

“ಆನೆಮರಿಗಾ ಹೊಲೀತಿರೋದು?” ಎಂದರು ಅಕ್ಕ.

ನನಗೆ ಅಳುವೇ ಬಂತು. ಮರುದಿನ ಬಟ್ಟೆಗೆ ಕತ್ತರಿ ಹಾಕಬೇಕು. ತಪ್ಪಿದರೆ ಬಟ್ಟೆಯೂ ಹೋಯಿತು, ಕೆಲಸವೂ ಹೋಯಿತು. “ನನ್ನ ಕ್ಯಾಲ್ಕುಲೇಟರ್ ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತೆ ಅಕ್ಕ!”

“ಇದು ಭಾಗಾಕಾರ ಮೊದಲು ಮಾಡುತ್ತೆ. ಯಾವುದು ಮುಂಚೆ ಆಗಬೇಕೋ ಅದಕ್ಕೆ ಆವರಣ ಹಾಕು.”

ಹಾಕಿದೆ. ಕಾಗದ ಮಗುವಿನ ಗಾತ್ರಕ್ಕೆ ಬಂತು.

ಅಷ್ಟಕ್ಕೇ ಬಿಡಬಹುದಿತ್ತು, ಅಕ್ಕ ಬಿಡಲಿಲ್ಲ. ಈಗ ಆವರಣವಿಲ್ಲದ ಅಂಥ ಸಾಲು ಕಂಡರೆ ಪ್ರೋಗ್ರಾಂ ತಾನೇ ಊಹಿಸದೆ, ‘ಯಾವುದು ಮೊದಲು?’ ಎಂದು ನನ್ನನ್ನು ಕೇಳುತ್ತದೆ. ಅಂಕಿ, ಅಳತೆಯ ಹೆಸರು, ಲೆಕ್ಕದ ಚಿಹ್ನೆ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಬರೆದದ್ದನ್ನೆಲ್ಲ ಪರೀಕ್ಷಿಸದೆ, ಕಂಪ್ಯೂಟರಿಗೆ ಕೊಟ್ಟ ಆಜ್ಞೆಯೆಂದೇ ನಡೆಸಿಬಿಡುವ ಸುಲಭದ ದಾರಿಯೂ ಇತ್ತಂತೆ. “ಅದು ಲೆಕ್ಕ ಮಾಡು ಅಂದ್ರೂ ಮಾಡುತ್ತೆ, ಎಲ್ಲಾ ಅಳಿಸು ಅಂದ್ರೂ ಅಳಿಸುತ್ತೆ. ಅಷ್ಟು ಹೇಳಿದ ಮಾತು ಕೇಳೋದನ್ನ ಮಕ್ಕಳಿರೋ ಮನೇಲಿ ಇಟ್ಕೋಬಾರದು!”

ಮೇಲಂಗಿಗಳು ಹೋದ ವಾರ ತಲುಪಿದವು. ಮುಂದಿನ ವರ್ಷದ್ದೂ ನನಗೇ ಎಂದಿದ್ದಾರೆ. ಇವತ್ತು ಊಟವಾದ ಮೇಲೆ ಇಬ್ಬರೂ ತಟ್ಟೆ ಒರೆಸುತ್ತಿದ್ದಾಗ, ನಿಮ್ಮ ಉಪಕಾರ ಹೇಗೆ ತೀರಿಸಲಿ ಎಂದು ಶುರುಮಾಡಿದೆ. ಅಕ್ಕ ತಡೆದರು.

“ಕಡತದಲ್ಲಿ ಹೆಗಲು ಅಂತ ಒಂದೇ ಇತ್ತಲ್ಲ, ಅದನ್ನ ಎಡಹೆಗಲು, ಬಲಹೆಗಲು ಅಂತ ಬೇರೆ ಮಾಡಿದೀನಿ ಕಣೇ. ಮೈಗೆ ಸರಿಯಾಗಿ ಕೂರೋ ಅಂಗಿ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.” ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. “ನನ್ನ ಅಳತೆ ತಗೊಳ್ತೀಯಾ?”