ಸಾಹೇಬರ ಪುಸ್ತಕದಲ್ಲಿ ಸಂಜೀವನ ಮುಖ

ಎದುರಾದ ಮುಖವನ್ನು ನೋಡಿ ಇವರು ಯಾವ ಕಡೆಯವರೆಂದು ಊಹಿಸದೆ ಲಿಫ್ಟಿನಿಂದ ಇಳಿಯುವ ಸಂಯಮ ನನಗೆ ಎಂದೂ ಸಿದ್ಧಿಸಲಿಲ್ಲ. ಕುವೈತಿನ ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಈ ಚಪಲಕ್ಕೆ ಆಹಾರ ಧಾರಾಳವಾಗಿತ್ತು. ಮೀಸೆಯ ತಿರುವು, ಚಪ್ಪಲಿ ಬಿಡುವ ರೀತಿ ಮೊದಲಾದ ಲಕ್ಷಣಗಳಿಂದ ನಾನು ಮಾಡುತ್ತಿದ್ದ ಜನಾಂಗನಿರ್ಣಯ ಬಹುಪಾಲು ತಪ್ಪಾಗುತ್ತಿತ್ತು, ಓದುಗ ಮಹಾಶಯ. ಆದರೂ ಉತ್ಸಾಹವೇನೂ ಕುಂದಿರಲಿಲ್ಲ.

ಈ ವಿದ್ಯೆಯಲ್ಲಿ ನನ್ನ ಗುರು, ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ದಪ್ಪ ಗ್ರಂಥ. ಕ್ಯಾಮೆರಾ ಕಣ್ಣುಬಿಟ್ಟ ಹೊಸತರಲ್ಲಿ ಬ್ರಿಟಿಷ್ ಸಾಹೇಬರು ತಮ್ಮ ಸಾಮ್ರಾಜ್ಯದ ಜಾತಿ, ಬುಡಕಟ್ಟುಗಳನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, ಪಟ ತೆಗೆದು, ಪ್ರಜೆಗಳನ್ನು ಅರಿತೆವೆಂದು ನೆಮ್ಮದಿಯಾಗಿ ನಿದ್ರಿಸಿದ್ದರ ಫಲ ಅದು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೇನೆ ಬಂದು, ಮೀನಾ ಅಲ್ ಅಹ್ಮದಿ ಬಂದರಿನ ನನ್ನ ನೌಕರಿ ಮುಗಿದು, ಊರಿಗೆ ಮರಳಲೆಂದು ಇರಾಕಿನ ಮೂಲಕ ಹೊರಟ ಬಸ್ಸು ಹತ್ತಿದಾಗಲೂ ಆ ಗ್ರಂಥ ನನ್ನ ಚೀಲದಲ್ಲಿತ್ತು. "ರೀ, ಸೀರೆ ಇಡಕ್ಕೇ ಜಾಗ ಇಲ್ಲ, ಈ ಇಟ್ಟಿಗೆ ಯಾಕ್ರೀ?" ಎಂದು ಹೆಂಡತಿ ಕೇಳುತ್ತಿದ್ದಂತೆಯೇ ನಾನು ವಿದ್ವಜ್ಜನೋಚಿತವಾಗಿ ಚೀಲದ ಬಾಯಿ ಕಟ್ಟಿದ್ದೆ.

ಹೆಂಡತಿ ಮುಂದೆ ಹೆಂಗಸರ ಸಾಲಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ ಹೋಟೆಲಿನ ಅಡುಗೆಯವ, ಉಡುಪಿ ಕಡೆಯ ಸಂಜೀವ. ಅವನ ಪಾಸ್‌ಪೋರ್ಟು, ಕೆಲಸಕ್ಕೆ ಕರೆಸಿಕೊಂಡಿದ್ದ ಯಜಮಾನನಾದ ಕಫೀಲನ ಕಪಾಟಿನಲ್ಲಿತ್ತು. ಕಫೀಲನೋ ಆಗಲೇ ದೇಶ ಬಿಟ್ಟಿದ್ದ. ಜಹ್ರಾ ಪಟ್ಟಣ ದಾಟಿದ ಮೇಲೆ ಬಸ್ಸು ಹತ್ತಿದ ಇರಾಕಿ ಸೈನಿಕನೊಬ್ಬ, ಸಂಜೀವನ ಕೆಂಪು ಮೈಬಣ್ಣವನ್ನೂ ಬೋಳಿಸದ ಗಡ್ಡವನ್ನೂ ನೋಡಿ, ತಲೆಮರೆಸಿಕೊಂಡು ಹೊರಟ ಕುವೈತಿಯೇ ಇರಬೇಕೆಂದು ಶಂಕಿಸಿ, ಇಳಿಯೆಂದು ಸನ್ನೆ ಮಾಡಿದ.

ಸಂಜೀವ ನನ್ನ ಕೈ ಹಿಡಿದುಕೊಂಡ. "ಇಳಿದ್ರೆ ಖಲಾಸ್ ಸಾರ್, ಎಂತಾದ್ರೂ ಹೇಳಿ."

ಹೇಳಲು ನನಗೆ ಅರಬ್ಬಿ ಎಲ್ಲಿತ್ತು? ಏನೂ ತೋಚದೆ ಗ್ರಂಥ ತೆರೆದು, ಮೊದಲು ಕಂಡ ಗಡ್ಡದ ಮುಖದ ಮೇಲೆ ಬೆರಳಿಟ್ಟು, ಸಂಜೀವನನ್ನು ತೋರಿಸಿ, "ಹಿಂದಿ, ಹಿಂದಿ" ಎಂದೆ. ಅವರ ಮಾತಿನಲ್ಲಿ ಭಾರತೀಯನೆಂದರ್ಥ. ಸೈನಿಕ ಪಟವನ್ನು ನೋಡಿದ, ಸಂಜೀವನನ್ನು ನೋಡಿದ, ಮುದ್ರಿತವಾದದ್ದೆಲ್ಲ ಸತ್ಯವೆಂದು ನಂಬುವ ನನ್ನಂಥವನೇ ಇರಬೇಕು, ಹೊರಡಿರೆಂದು ಕೈಬೀಸಿ "ಯಲ್ಲಾ" ಎಂದು ಇಳಿದುಹೋದ.

ಬಸ್ಸು ಚಲಿಸಿದ ಮೇಲೆ ಸಂಜೀವ ಪುಸ್ತಕ ಇಸಿದುಕೊಂಡ. ಪಟದಲ್ಲಿದ್ದವನು ಉದ್ದ ಕೋವಿ ಹಿಡಿದ, ಈಗ ಭಾರತದಲ್ಲೇ ಇಲ್ಲದ ವಾಯವ್ಯ ಗಡಿಯ ಗುಡ್ಡಗಾಡಿನವನು.

"ಇದು ಯಾರು ಮಾರಾಯ್ರೆ? ನಮ್ಮ ಕಡೆಯವನಾ?"

"ಹೌದು, ನಿಮ್ಮ ಕಡೆಯವನೇ" ಎಂದೆ. ಕೆಳಗೆ ಸಾಹೇಬರು 'ಈ ಜನ ನಂಬಿಕೆಗೆ ಅರ್ಹರಲ್ಲ' ಎಂದು ಇಂಗ್ಲಿಷಿನಲ್ಲಿ ಷರಾ ಬರೆದಿದ್ದರು. ನಾನು ಓದಿ ಹೇಳಲಿಲ್ಲ. ಸಂಜೀವ ಆ ಮುಖವನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡ.